ಎರಡನೇ ಆಲ್ಬಮ್‌ಗೆ ಸದ್ದು ಬದಲಿಸಿದೆವು, ಜೀವ ಹೋಯಿತು ಅನ್ನುತ್ತಾರೆ: ಏನು ಮಾಡೋಣ?

ಓದುಗರ ಪ್ರಶ್ನೆ: ನಮ್ಮದು ಮೈಸೂರಿನ ನಾಲ್ವರ ಪೋಸ್ಟ್-ಪಂಕ್ (ಎಪ್ಪತ್ತರ ದಶಕದ ಕೊನೆಗೆ ಪಂಕ್ ರಾಕ್‌ನಿಂದ ಕವಲೊಡೆದ ಸಂಗೀತ) ಬ್ಯಾಂಡ್. ಡ್ರಮ್ಸ್, ಬೇಸ್, ಗಿಟಾರ್, ಹಾಡು ಇಷ್ಟೇ. ಮೂರು ವರ್ಷದ ಹಿಂದೆ ಮಂಡ್ಯದ ಹೊರಗೆ ಗೆಳೆಯರೊಬ್ಬರ ಶೀಟ್ ಛಾವಣಿಯ ರೂಮಿನಲ್ಲಿ ಎರಡೇ ದಿನಕ್ಕೆ ಒಂಬತ್ತು ಹಾಡಿನ ಮೊದಲ ಆಲ್ಬಮ್ ಮುಗಿಸಿದೆವು. ಎಲ್ಲವೂ ವೇಗದ ಹಾಡುಗಳು, ಒಟ್ಟು 28 ನಿಮಿಷ. ಈಗ ಎರಡನೆಯದಕ್ಕೆ ಹತ್ತು ಹಾಡು ಕಟ್ಟಿದ್ದೇವೆ. ವೇಗ ಇಳಿಸಿದ್ದೇವೆ. ಸಿಂಥ್ (ಬಗೆಬಗೆಯ ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ಕೀಬೋರ್ಡ್) ಕೊಂಡಿದ್ದೇವೆ. ಗಿಟಾರ್‌ನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸುವುದು) ಬಿಟ್ಟು ಕೋರಸ್ (ಒಂದೇ ಸದ್ದು ಹಲವಾಗಿ ಅಲುಗಿದಂತೆ ಕೇಳಿಸುವ ಎಫೆಕ್ಟ್) ಹಾಕಿದ್ದೇವೆ. ಕುವೆಂಪುನಗರದ ಮನೆಯ 10 ಅಡಿ ಅಗಲ, 12 ಅಡಿ ಉದ್ದದ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ತಾಳ ತೋರಿಸುವ ಕ್ಲಿಕ್ ಕೇಳುತ್ತ ಒಬ್ಬೊಬ್ಬರೇ ನುಡಿಸಿ ಡೆಮೊ ಮಾಡಿದೆವು. ಕೇಳಿದವರೆಲ್ಲ 'ನೀಟಾಗಿದೆ, ಆದರೆ ಇದು ನೀವಲ್ಲ, ಜೀವ ಇಲ್ಲ' ಎನ್ನುತ್ತಿದ್ದಾರೆ. ಬೇಸ್ ಜಾಸ್ತಿಯೋ ಕಡಿಮೆಯೋ ಎಂದು ನಮ್ಮೊಳಗೇ ದಿನಾ ಜಗಳ. ಸಿಂಥ್ ಮಾರಿಬಿಡೋಣ ಎಂದು ಬೇಸಿಸ್ಟ್ ಹೇಳುತ್ತಾನೆ. ಹಳೇ ದಾರಿಗೆ ಹೋದರೆ ಅದೇ ಆಲ್ಬಮ್ಮನ್ನು ಎರಡನೇ ಸಲ ಮಾಡಿದಂತೆ ಎಂದು ಗಿಟಾರಿಸ್ಟ್ ಹೇಳುತ್ತಾನೆ. ಮತ್ತೆ ಆ ರೂಮಿಗೇ ಹೋಗಬೇಕೆ? ಹೊರಗಿನ ಪ್ರೊಡ್ಯೂಸರ್ ಬೇಕೆ? ಡೆಮೊದ ಎರಡು ಹಾಡು ಜೊತೆಗಿವೆ, ಮೊದಲ ಆಲ್ಬಮ್ಮೂ ಇದೆ. ದಯವಿಟ್ಟು ಕೇಳಿ ಹೇಳಿ ಸರ್.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಸದ್ದು ಬದಲಿಸಿದ್ದೇ ತಪ್ಪಾಯಿತೇ ಎಂಬುದು ಒಂದು. ಬದಲಿಸುವಾಗ ಎಲ್ಲಾದರೂ ಎಡವಿದೆವೇ ಎಂಬುದು ಇನ್ನೊಂದು. ಬದಲಿಸಿದ್ದು ಖಂಡಿತ ತಪ್ಪಲ್ಲ. ಎಡವಿದ್ದು ಮಾತ್ರ ನಿಜ, ಮೂರ್ನಾಲ್ಕು ಕಡೆ ಎಡವಿದ್ದೀರಿ. ಎಲ್ಲವೂ ಸರಿಹೋಗುವಂಥವು, ಯಾವುದಕ್ಕೂ ದೊಡ್ಡ ಸಾಮಾನು ಕೊಳ್ಳಬೇಕಿಲ್ಲ. ಸಿಂಥ್ ಮಾರಬೇಡಿ. ಅದು ಈಗ ನುಡಿಸುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದುಹಾಕಿ.

'ಜೀವ ಇಲ್ಲ' ಎಂದವರ ಮಾತನ್ನು ತಳ್ಳಿಹಾಕಬೇಡಿ, ಅವರು ಕೊಡುವ ಕಾರಣವನ್ನು ಮಾತ್ರ ಹಾಗೇ ನಂಬಬೇಡಿ. ಏನೋ ಕಳೆದಿದೆ ಎಂಬುದು ಕೇಳುಗರಿಗೆ ಸರಿಯಾಗಿಯೇ ಗೊತ್ತಾಗುತ್ತದೆ. ಏನು ಕಳೆದಿದೆ ಎಂದು ಕೇಳಿದರೆ ಹೊಸದಾಗಿ ಕಂಡದ್ದರ ಕಡೆ ಬೆರಳು ತೋರಿಸುತ್ತಾರೆ, ಹಾಗಾಗಿ ಸಿಂಥ್ ಸಿಕ್ಕಿಬೀಳುತ್ತದೆ. ನಿಮ್ಮ ಎರಡು ಫೈಲ್‌ಗಳನ್ನು ಮೊದಲ ಆಲ್ಬಮ್‌ನ ಪಕ್ಕದಲ್ಲಿಟ್ಟು ಕೇಳಿದಾಗ ನನಗೆ ಕಂಡದ್ದು ಬೇರೆ. ಮೊದಲ ಆಲ್ಬಮ್‌ನಲ್ಲಿ ನಾಲ್ವರಿಗೂ ಒಂದೊಂದು ಕೆಲಸವಿತ್ತು. ಬೇಸ್ ರಾಗ ಹೇಳುತ್ತಿತ್ತು, ಡ್ರಮ್ಸ್ ತಳ್ಳುತ್ತಿತ್ತು, ಗಿಟಾರ್ ಕೊಯ್ದು ಬಿಟ್ಟು ಸುಮ್ಮನಾಗುತ್ತಿತ್ತು, ಆ ಬಿಟ್ಟ ಜಾಗದಲ್ಲಿ ಮಾತು ಬರುತ್ತಿತ್ತು. ಡೆಮೊದಲ್ಲಿ ಎಲ್ಲರೂ ಎಲ್ಲ ಹೊತ್ತೂ ನುಡಿಸುತ್ತಿದ್ದಾರೆ. ಕೆಲಸ ಹಂಚಿಕೆ ಕೆಟ್ಟಿದೆ. ಸದ್ದಿನ ಬದಲಾವಣೆಗಿಂತ ಮೊದಲು ಸರಿಪಡಿಸಬೇಕಾದದ್ದು ಇದು.

ಒರಟುತನವೇ ಪೋಸ್ಟ್-ಪಂಕ್ ಎಂಬ ನಂಬಿಕೆ

ಪೋಸ್ಟ್-ಪಂಕ್ ಅಂದರೆ ಅಗ್ಗದಲ್ಲಿ, ಒಂದೇ ಉಸಿರಿನಲ್ಲಿ ರೆಕಾರ್ಡ್ ಮಾಡಿದ್ದು, ಮೊದಲ ಆಲ್ಬಮ್ಮೇ ಅಸಲಿ, ಎರಡನೆಯದು ರಾಜಿ ಎಂಬ ಮಾತು ನಮ್ಮ ಹುಡುಗರಲ್ಲಿ ಬಲವಾಗಿ ಬೇರೂರಿದೆ. ಪಂಕ್‌ಗೆ ಅದು ಒಂದಿಷ್ಟು ಒಪ್ಪೀತು. ಪೋಸ್ಟ್-ಪಂಕ್ ಮಾತ್ರ ಶುರುವಿನಿಂದಲೂ ಸ್ಟುಡಿಯೋದ ಯಂತ್ರಗಳನ್ನು ವಾದ್ಯಗಳ ಸಾಲಿಗೆ ಸೇರಿಸಿಕೊಂಡ ಸಂಗೀತ. ಜಾಯ್ ಡಿವಿಷನ್‌ನ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' (1979) ಇಂಗ್ಲೆಂಡ್‌ನ ಸ್ಟಾಕ್‌ಪೋರ್ಟ್‌ನಲ್ಲಿದ್ದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಆದದ್ದು. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಡ್ರಮ್ಸ್‌ನ ಭಾಗಗಳನ್ನು ಬಿಡಿಬಿಡಿಯಾಗಿ ಹಿಡಿದು, ಆಗ ಹೊಸದಾಗಿದ್ದ ಎಎಂಎಸ್ ಡಿಜಿಟಲ್ ಡಿಲೇ (ಸದ್ದನ್ನು ಚೂರು ತಡವಾಗಿ ಮರುಕಳಿಸುವ ಯಂತ್ರ) ಬಳಸಿ, ಸ್ನೇರ್‌ನ (ಡ್ರಮ್ಸ್‌ನಲ್ಲಿ ಚಟ್ ಎನ್ನುವ ಚಿಕ್ಕ ಡ್ರಮ್) ಸುತ್ತ ಒಂದು ತಣ್ಣನೆಯ ಬಯಲನ್ನೇ ಕಟ್ಟಿದರು. ಬೇಸಿಸ್ಟ್ ಪೀಟರ್ ಹುಕ್, ಗಿಟಾರಿಸ್ಟ್ ಬರ್ನಾರ್ಡ್ ಸಮ್ನರ್ ಇಬ್ಬರಿಗೂ ಆಗ ಅದು ಹಿಡಿಸಲಿಲ್ಲ. ವೇದಿಕೆಯ ಆರ್ಭಟ ಹೋಯಿತು ಎಂದೇ ಅವರೂ ದೂರಿದ್ದರು. ಇವತ್ತು ಪೋಸ್ಟ್-ಪಂಕ್ ಎಂದಾಗ ಬಹಳ ಜನ ಮೊದಲು ನೆನೆಯುವ ಸದ್ದೇ ಅದು. ಮರುವರ್ಷ ಲಂಡನ್‌ನ ಬ್ರಿಟಾನಿಯಾ ರೋ ಸ್ಟುಡಿಯೋದಲ್ಲಿ ಮಾಡಿದ ಎರಡನೇ ಆಲ್ಬಮ್ 'ಕ್ಲೋಸರ್' (1980) ಸಿಂಥ್ ಕಡೆಗೆ ಇನ್ನೂ ವಾಲಿತು. ಆದರೆ ಹುಕ್ ಅವರ ಬೇಸ್ ಮೊದಲಿನಂತೆಯೇ ಮೇಲಿನ ತಂತಿಗಳಲ್ಲಿ ರಾಗ ಹೇಳುತ್ತಲೇ ಇತ್ತು. ಬಣ್ಣ ಬದಲಾಯಿತು, ಹೊಣೆ ಬದಲಾಗಲಿಲ್ಲ.

ವೈರ್ ಬ್ಯಾಂಡ್‌ನದು ಇನ್ನೊಂದು ದಾರಿ. 1977ರ 'ಪಿಂಕ್ ಫ್ಲ್ಯಾಗ್' ಸುಮಾರು 35 ನಿಮಿಷದಲ್ಲಿ 21 ಹಾಡು. 1978ರ 'ಚೇರ್ಸ್ ಮಿಸ್ಸಿಂಗ್' ಸುಮಾರು 42 ನಿಮಿಷದಲ್ಲಿ 15 ಹಾಡು. ಎರಡಕ್ಕೂ ಪ್ರೊಡ್ಯೂಸರ್ ಒಬ್ಬರೇ, ಮೈಕ್ ಥಾರ್ನ್. ಎರಡನೆಯದರಲ್ಲಿ ಕೀಬೋರ್ಡ್ ನುಡಿಸಿದವರೂ ಅವರೇ. ಹಾಡುಗಳು ಉದ್ದವಾದವು, ಪದರ ಸೇರಿತು, ಆದರೂ ಬೇಡದ ಒಂದು ಸಾಲೂ ಇರಬಾರದು ಎಂಬ ಹಟ ಉಳಿಯಿತು.

ನಿಮ್ಮ ಸ್ಥಿತಿಗೆ ತೀರ ಹತ್ತಿರವಾದದ್ದು ದಿ ಕ್ಯೂರ್. 1979ರ 'ಥ್ರೀ ಇಮ್ಯಾಜಿನರಿ ಬಾಯ್ಸ್' ಮೂವರ ಚುರುಕಾದ ಆಲ್ಬಮ್. 1980ರ 'ಸೆವೆಂಟೀನ್ ಸೆಕೆಂಡ್ಸ್'ಗೆ ಬೇಸಿಸ್ಟ್ ಬದಲಾಗಿ ಸೈಮನ್ ಗ್ಯಾಲಪ್ ಬಂದರು, ಕೀಬೋರ್ಡ್‌ಗೆ ಮ್ಯಾಥ್ಯೂ ಹಾರ್ಟ್ಲಿ ಸೇರಿದರು. ಜನ ಹೆಚ್ಚಾದರು, ವಾದ್ಯ ಹೆಚ್ಚಾಯಿತು, ಆದರೆ ಸದ್ದು ಮೊದಲಿಗಿಂತ ಬರಿದಾಯಿತು. ಇದನ್ನು ನಿಮ್ಮ ಗಿಟಾರಿಸ್ಟ್ ಮತ್ತು ಸಿಂಥ್ ನುಡಿಸುವವರು ಒಟ್ಟಿಗೆ ಕುಳಿತು ಕೇಳಲೇಬೇಕು. ಕೀಬೋರ್ಡ್ ಅಲ್ಲಿ ಬಹಳ ಕಡೆ ಒಂದೆರಡು ಸ್ವರ ಹಿಡಿದು ಕಾಯುತ್ತದೆ ಅಷ್ಟೇ.

ಯಾಕೆ ಹೀಗಾಗುತ್ತದೆ

ಮೊದಲ ಆಲ್ಬಮ್‌ನ ಹಾಡುಗಳು ವರ್ಷಗಟ್ಟಲೆ ಕಾಲೇಜು ಫೆಸ್ಟ್, ಪ್ರಾಕ್ಟೀಸ್ ರೂಮುಗಳಲ್ಲಿ ಸವೆದಿರುತ್ತವೆ. ಯಾವ ಸಾಲಿಗೆ ಜನ ತಲೆ ಎತ್ತಿದರು, ಎಲ್ಲಿ ಮೊಬೈಲ್ ತೆಗೆದರು ಎಂದು ನೋಡಿ ನೋಡಿ ನಿಮಗೇ ಅರಿವಿಲ್ಲದೆ ಕತ್ತರಿಸಿರುತ್ತೀರಿ. ಎರಡನೆಯದಕ್ಕೆ ಆ ಅವಕಾಶ ಇರುವುದಿಲ್ಲ. ಹಾಡು ಹುಟ್ಟುವುದೇ ಹೆಡ್‌ಫೋನ್‌ನಲ್ಲಿ, ನಾಲ್ಕು ಬಾರ್‌ನ (ತಾಳದ ನಾಲ್ಕು ಆವರ್ತದ) ಲೂಪ್‌ನ ಮೇಲೆ. ಲೂಪ್ ತಿರುಗುತ್ತಿರುವಾಗ ಸುಮ್ಮನೆ ಕೂರಲು ಯಾರಿಗೂ ಆಗುವುದಿಲ್ಲ, ಒಂದೊಂದು ಪದರ ಸೇರುತ್ತಲೇ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಖಾಲಿ ಕಂಡಲ್ಲೆಲ್ಲ ತುಂಬುತ್ತಾರೆ, ಯಾಕೆಂದರೆ ನುಡಿಸುವ ಹೊತ್ತಿಗೆ ಉಳಿದ ಮೂವರು ಎದುರಿಗಿರುವುದಿಲ್ಲ. ನಿಮ್ಮ ಡೆಮೊದಲ್ಲಿ ಆಗಿರುವುದು ಪೂರಾ ಇದೇ.

ಸಿಂಥ್‌ನಿಂದ ಶುರು ಮಾಡೋಣ. ನೀವು ಕಳಿಸಿದ ಎರಡು ಹಾಡುಗಳ ವೇಗ 126 ಮತ್ತು 140 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್). 126ರ ನಿಧಾನದ ಹಾಡಿನಲ್ಲಿ ಸಿಂಥ್ ಎಡಗೈಯಲ್ಲಿ ಬೇಸ್ ಸ್ವರ, ಬಲಗೈಯಲ್ಲಿ ಮೂರು ಸ್ವರದ ಪೂರ್ತಿ ಕಾರ್ಡ್ ಹಿಡಿದು ಮೊದಲಿಂದ ಕೊನೆವರೆಗೆ ಎಳೆಯುತ್ತದೆ. ಗೋಡೆಯ ಸಂದುಗಳಿಗೆಲ್ಲ ಗಾರೆ ಮೆತ್ತಿದ ಹಾಗೆ ಗಿಟಾರ್ ಬಿಟ್ಟ ಜಾಗವೆಲ್ಲ ಮುಚ್ಚಿಹೋಗಿದೆ. 200ರಿಂದ 800 ಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ಬೇಸ್‌ನ ಮೇಲ್ಭಾಗ, ಗಿಟಾರ್‌ನ ಕೆಳಭಾಗ, ಗಂಡುಧ್ವನಿಯ ಮೈ ಮೂರೂ ಇವೆ. ಸಿಂಥ್‌ನ ಈ ಎಳೆದ ಕಾರ್ಡ್ (ಪ್ಯಾಡ್) ಬಂದು ಅಲ್ಲೇ ಕೂತಿದೆ. ಈಕ್ವಲೈಸರ್‌ನಲ್ಲಿ ಕೆತ್ತಿ ಇದನ್ನು ಬಿಡಿಸಲು ಹೋಗಬೇಡಿ, ನುಡಿಸುವುದನ್ನೇ ಬದಲಿಸಿ. ಎಡಗೈ ತೆಗೆದುಬಿಡಿ. ಬಲಗೈಯಲ್ಲಿ ಎರಡೇ ಸ್ವರ, ಒಂದು ಆಕ್ಟೇವ್ ಮೇಲೆ. ಆಸಿಲೇಟರ್ ಒಂದೇ ಸಾಕು, ಅಟ್ಯಾಕ್ (ಸದ್ದು ಪೂರ್ತಿ ಏರಲು ಹಿಡಿಯುವ ಹೊತ್ತು) 20ರಿಂದ 40 ಮಿಲಿಸೆಕೆಂಡ್, 250 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್. ಚರಣದಲ್ಲಿ ಮಾತು ಇರುವಾಗ ಸಿಂಥ್ ಸುಮ್ಮನಿರಲಿ, ಸಾಲು ಮುಗಿದ ಮೇಲೆ ಬರಲಿ.

ಇನ್ನೊಂದು ಸೂಕ್ಷ್ಮ. ಎರಡು ಸ್ವರ ಎಂದ ಕೂಡಲೇ ಕೈ ತಾನಾಗಿ ಸ-ಪ ಹಿಡಿಯುತ್ತದೆ. ಮೈಸೂರಿನ ಕಿವಿಗೆ ಅದು ತಂಬೂರಿ, ಕಛೇರಿಯ ನೆಮ್ಮದಿ ಬಂದು ಕೂರುತ್ತದೆ. ಹಾಡಿಗೆ ಆ ನೆಮ್ಮದಿ ಬೇಕಿದ್ದರೆ ಸರಿ. ನಿಮ್ಮ ಹಾಡು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವ ಮಗನ ಬಗ್ಗೆ ಇದೆ, ಅಲ್ಲಿ ನೆಮ್ಮದಿ ಕೊಡಬೇಡಿ. ಸ ಜೊತೆಗೆ ಶುದ್ಧ ರಿಷಭ ಹಿಡಿದು ನೋಡಿ, ಅಂದರೆ ಎ ಶ್ರುತಿಯಲ್ಲಿ ಎ ಮತ್ತು ಬಿ ಫ್ಲ್ಯಾಟ್. ಎರಡೂ ಒಂದೇ ಆಕ್ಟೇವ್‌ನಲ್ಲಿದ್ದರೆ ತೀರ ಕರಕರ ಎನ್ನುತ್ತದೆ, ರಿಷಭವನ್ನು ಒಂದು ಆಕ್ಟೇವ್ ಮೇಲಕ್ಕೆ ಹಾಕಿ.

ಕ್ಲಿಕ್‌ನ ವಿಷಯ. ಮೊದಲ ಆಲ್ಬಮ್‌ನ ವೇಗವನ್ನು ಅಳೆದೆ. ಮೂರನೇ ಹಾಡು 158ರಲ್ಲಿ ಶುರುವಾಗಿ ಪಲ್ಲವಿಗೆ ಬರುವಾಗ 162 ಮುಟ್ಟುತ್ತದೆ, ಚರಣಕ್ಕೆ ಮತ್ತೆ ಇಳಿಯುತ್ತದೆ. ಜನ 'ಜೀವ' ಎನ್ನುತ್ತಿರುವುದರಲ್ಲಿ ದೊಡ್ಡ ಪಾಲು ಇದರದು. ಡೆಮೊದಲ್ಲಿ ವೇಗ ಒಂದಿನಿತೂ ಅಲುಗುವುದಿಲ್ಲ. ಕ್ಲಿಕ್ ಕೆಟ್ಟದ್ದು ಎಂದು ಇದರ ಅರ್ಥವಲ್ಲ, ಸಿಂಥ್ ಸೀಕ್ವೆನ್ಸ್ (ಯಂತ್ರವೇ ತಿರುತಿರುಗಿ ನುಡಿಸುವ ಭಾಗ) ಇರುವ ಹಾಡಿಗೆ ಅದು ಬೇಕೇ ಬೇಕು. ಹೀಗೆ ಮಾಡಿ: ನಾಲ್ವರೂ ಕ್ಲಿಕ್ ಇಲ್ಲದೆ ಹಾಡನ್ನು ಒಟ್ಟಿಗೆ ನುಡಿಸಿ, ಫೋನಿನಲ್ಲಿ ಹಿಡಿದುಕೊಳ್ಳಿ. ಚರಣ, ಪಲ್ಲವಿ, ಕೊನೆಯ ಸುತ್ತು ಮೂರರ ವೇಗವನ್ನೂ ಅಳೆಯಿರಿ. ಲ್ಯಾಪ್‌ಟಾಪ್‌ನಲ್ಲಿ ಟೆಂಪೋ ಟ್ರ್ಯಾಕ್‌ಗೆ ಅದನ್ನೇ ಬರೆಯಿರಿ, 126, 129, 130 ಹೀಗೆ. ಬದಲಾವಣೆ ಪಲ್ಲವಿಯ ಮೊದಲ ಬೀಟ್‌ಗೆ ದಿಢೀರನೆ ಬೇಡ, ಹಿಂದಿನ ಎರಡು ಬಾರ್‌ಗಳಲ್ಲಿ ಏರಲಿ. ಸೀಕ್ವೆನ್ಸ್ ಇಲ್ಲದ ಹಾಡುಗಳಿಗೆ ಡ್ರಮ್ಮರ್ ಕಿವಿಗೆ ಮೊದಲ ನಾಲ್ಕು ಬಾರ್ ಮಾತ್ರ ಕ್ಲಿಕ್ ಕೊಟ್ಟು ನಿಲ್ಲಿಸಿ. ಬೇಸ್ ಟ್ರ್ಯಾಕನ್ನು ಕ್ವಾಂಟೈಸ್ ಮಾಡಿದ್ದೀರಿ (ಪ್ರತಿ ಸ್ವರವನ್ನೂ ಲ್ಯಾಪ್‌ಟಾಪ್‌ನಲ್ಲಿ ಬೀಟ್‌ಗೆ ಸರಿಯಾಗಿ ಎಳೆದು ಕೂರಿಸಿದ್ದೀರಿ), ಅದನ್ನು ಇವತ್ತೇ ಬಿಡಿಸಿ. ಕಿಕ್‌ನ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಬೆನ್ನಿಗೆ ಚೂರು ತಡವಾಗಿ ಬೀಳುವ ಬೇಸ್ ಸ್ವರವೇ ನಿಮ್ಮ ಬೇಸಿಸ್ಟ್‌ನ ಗುರುತು.

ಗಿಟಾರ್‌ನಲ್ಲಿ ಶಕ್ತಿ ಹೋಯಿತು ಎನಿಸಲು ಕಾರಣ ಕೋರಸ್ ಅಲ್ಲ. ಡಿಸ್ಟಾರ್ಷನ್ ತಾನಾಗಿಯೇ ಸದ್ದಿನ ಏರಿಳಿತವನ್ನು ಒತ್ತಿ ಸಮ ಮಾಡುತ್ತದೆ, ಮೆಲ್ಲಗೆ ಹೊಡೆದ ಏಟೂ ಜೋರಾದ ಏಟೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಅದನ್ನು ತೆಗೆದ ಕೂಡಲೇ ಪ್ರತಿ ಏಟಿನ ವ್ಯತ್ಯಾಸ ಬಯಲಾಗುತ್ತದೆ, ಒಟ್ಟು ಮಟ್ಟ ಇಳಿಯುತ್ತದೆ. ಕೋರಸ್‌ಗಿಂತ ಮೊದಲು ಒಂದು ಕಂಪ್ರೆಸರ್ (ಜೋರಾದ ಸದ್ದನ್ನು ಒತ್ತಿ ತಗ್ಗಿಸುವ ಸಾಧನ) ಇಡಿ: ಅನುಪಾತ 4ಕ್ಕೆ 1, ಅಟ್ಯಾಕ್ (ಇಲ್ಲಿ, ಒತ್ತಲು ಹಿಡಿಯುವ ಹೊತ್ತು) 20ರಿಂದ 30 ಮಿಲಿಸೆಕೆಂಡ್, ಜೋರಾದ ಏಟಿಗೆ 6 ಡಿಬಿಯಷ್ಟು ಒತ್ತಿದರೆ ಸಾಕು. ಅಟ್ಯಾಕ್ ಇದಕ್ಕಿಂತ ಚುರುಕಾದರೆ ಪಿಕ್‌ನ ಕಟ್ ಎನ್ನುವ ತುದಿಯೇ ಸತ್ತುಹೋಗುತ್ತದೆ. ಪಿಕ್ ಬ್ರಿಜ್ ಹತ್ತಿರ ಬೀಳಲಿ. ಕೋರಸ್‌ನ ವೇಗ 0.5ರಿಂದ 0.8 ಹರ್ಟ್ಜ್, ಆಳ ಈಗಿನ ಅರ್ಧ. ಮುಗಿದ ಮೇಲೆ ಮೋನೋ ಮಾಡಿ ಕೇಳಲೇಬೇಕು. ನಮ್ಮ ಕಡೆ ಫೆಸ್ಟ್‌ಗಳ ಪಿಎ (ಜನರ ಕಡೆಗಿನ ಸ್ಪೀಕರ್ ವ್ಯವಸ್ಥೆ) ಬಹುತೇಕ ಮೋನೋದಲ್ಲೇ ಓಡುತ್ತದೆ. ಸ್ಟೀರಿಯೋದಲ್ಲಿ ಅಗಲವಾಗಿ ಕೇಳಿದ ಕೋರಸ್ ಅಲ್ಲಿ ಎಡ-ಬಲ ಕೂಡಿದಾಗ ಒಂದನ್ನೊಂದು ಕಡಿದು ಟೊಳ್ಳಾಗುತ್ತದೆ.

ಬೇಸ್ ಜಗಳದ ಮೂಲ ನಿಮ್ಮ ರೂಮಿನ ಅಳತೆಯಲ್ಲಿದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಜ್‌ನಲ್ಲಿ ರೂಮು ತಾನೇ ಅನುರಣಿಸುತ್ತದೆ. ಬೇಸ್‌ನ ಎ ತಂತಿಯನ್ನು ಬಿಟ್ಟು ನುಡಿಸಿದರೆ ಬರುವುದು 55. ಈ ಕಂಪನ ಗೋಡೆಯ ಬಳಿ ಅತಿ ಹೆಚ್ಚು, ಅಗಲದ ನಟ್ಟನಡುವೆ ಅತಿ ಕಡಿಮೆ. ಲ್ಯಾಪ್‌ಟಾಪ್ ಮುಂದೆ ನಡುವೆ ಕುಳಿತವರಿಗೆ ಎ ಸ್ವರ ತೆಳು, ಗೋಡೆಗೊರಗಿ ಕುಳಿತ ಬೇಸಿಸ್ಟ್‌ಗೆ ಅದೇ ಸ್ವರ ಗುಂಯ್. ಇಬ್ಬರೂ ತಮಗೆ ಕೇಳಿಸಿದ್ದನ್ನೇ ಹೇಳುತ್ತಿದ್ದೀರಿ, ಜಗಳವಾಡಬೇಡಿ. 12 ಅಡಿಯ ಉದ್ದಕ್ಕೆ ಇದೇ ತೊಂದರೆ 47 ಹರ್ಟ್ಜ್ ಆಸುಪಾಸು, ಅಂದರೆ ಎಫ್ ಶಾರ್ಪ್ ಮತ್ತು ಜಿ ನಡುವೆ. ಮೂಲೆಯಲ್ಲಿ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದರೆ ಮೇಲಿನ ಗದ್ದಲ ತಗ್ಗುತ್ತದೆಯೇ ಹೊರತು 55ಕ್ಕೆ ಅದು ಸಾಲದು. ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ, ಅದರಿಂದ ಬೇಸ್‌ಗೆ ಏನೂ ಆಗುವುದಿಲ್ಲ. ಈ ರೂಮಿನಲ್ಲಿ ಬೇಸ್‌ನ ಮಟ್ಟ ತೀರ್ಮಾನಿಸುವಾಗ ಒಂದು ಒಳ್ಳೆಯ ಹೆಡ್‌ಫೋನ್ ನಂಬಿ, ಸ್ಪೀಕರ್ ನಂಬಬೇಡಿ.

ರೆಕಾರ್ಡ್ ಮಾಡುವಾಗ ಬೇಸನ್ನು ಎರಡು ದಾರಿಯಲ್ಲಿ ಹಿಡಿಯಿರಿ, ಡಿಐ (ಆಂಪ್ ಇಲ್ಲದೆ ಕೇಬಲ್‌ನಿಂದ ನೇರವಾಗಿ) ಒಂದು, ಆಂಪ್‌ಗೆ ಮೈಕ್ ಒಂದು. ಮೈಕ್ ಆಂಪ್‌ನಿಂದ 30 ಸೆಂಟಿಮೀಟರ್ ದೂರವಿದ್ದರೆ ಅದರ ಸದ್ದು ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 48 ಕಿಲೋಹರ್ಟ್ಜ್ ಸೆಷನ್‌ನಲ್ಲಿ ಅದು 42 ಸ್ಯಾಂಪಲ್. ಅಷ್ಟು ಹಿಂದಕ್ಕೆ ಸರಿಸದಿದ್ದರೆ ಎರಡೂ ಸೇರಿದಾಗ ನಡುಭಾಗ ಸವೆಯುತ್ತದೆ. ಬೇಸ್‌ಗೂ ಕೋರಸ್ ಬೇಕೆನಿಸಿದರೆ ಹಾಕಿ. ಆದರೆ 200 ಹರ್ಟ್ಜ್‌ನ ಕೆಳಗಿನದನ್ನು ಬೇರೆ ಟ್ರ್ಯಾಕಿಗೆ ಎತ್ತಿ ಒಣದಾಗಿ, ಮೋನೋ ಆಗಿ ಇಡಿ, ಕೋರಸ್ ಮೇಲ್ಭಾಗಕ್ಕೆ ಮಾತ್ರ. ಕೆಳಭಾಗ ಅಲುಗಿದರೆ ಹಾಡು ನಿಲ್ಲುವ ನೆಲವೇ ಅಲುಗುತ್ತದೆ. ಬೇಸ್ ಏಳನೇ ಮನೆಯಿಂದ ಮೇಲೇ ರಾಗ ಹೇಳುವ ಕಡೆ ಕೆಳಗೆ ಜಾಗ ಖಾಲಿ ಉಳಿಯುತ್ತದೆ, ಅದನ್ನು ಸಿಂಥ್‌ನಿಂದ ತುಂಬುವ ಆಸೆ ತಡೆದುಕೊಳ್ಳಿ. ಕಿಕ್ ಮತ್ತು ಫ್ಲೋರ್ ಟಾಮ್ ಸಾಕು.

ಹಾಡಿನ ಮಾತೂ ಬದಲಾಗಿದೆ ಎಂಬುದನ್ನು ನಿಮ್ಮ ಗೆಳೆಯರು ಯಾರೂ ಹೇಳಿಲ್ಲ, ಆದರೆ ಅವರ ಕಿವಿಗೆ ಅದು ತಾಗಿದೆ ಎಂದು ನನ್ನ ಅನುಮಾನ. ಮೊದಲ ಆಲ್ಬಮ್‌ನಲ್ಲಿ ಮಂಡ್ಯದ ಮಾತು ಹಾಗೇ ಇದೆ. ಹೊಸದರಲ್ಲಿ ವೇಗ ಇಳಿದು ಜಾಗ ಸಿಕ್ಕಿತೆಂದು ಬರಹದ ಕನ್ನಡ ಬಂದಿದೆ. 'ಮಾಡ್ತಾವ್ನೆ' ಎಂದರೆ ಮೂರು ಏಟು, ನಡುವೆ ಎರಡು ಒತ್ತು, ಸ್ನೇರ್ ಜೊತೆ ಕೂತುಬಿಡುತ್ತದೆ. 'ಮಾಡುತ್ತಿದ್ದಾನೆ' ಎಂದರೆ ಐದು. ನಿಧಾನದ ಹಾಡಿಗೆ ಹೆಚ್ಚು ಅಕ್ಷರ ಬೇಕಿಲ್ಲ, ಅಷ್ಟೇ ಅಕ್ಷರ ಇಟ್ಟು ನಡುವೆ ಬಿಡುವು ಕೊಡಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಉದ್ದದ ರಿವರ್ಬ್ (ದೊಡ್ಡ ಹಾಲಿನ ಅನುರಣನದಂಥ ಎಫೆಕ್ಟ್) ಹಾಕಿದರೆ ಆ, ಎ, ಉ ಬಾಲಗಳು ಮುಂದಿನ ಪದದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. ರಿವರ್ಬ್ ಬದಲು ಡಿಲೇ ಬಳಸಿ. 126 ಬಿಪಿಎಂಗೆ ಒಂದು ಬೀಟ್ 476 ಮಿಲಿಸೆಕೆಂಡ್, ಮುಕ್ಕಾಲು ಬೀಟ್ 357. ಧ್ವನಿಗೆ 357 ಇಟ್ಟು, ಮರುದನಿ ಎರಡೇ ಸಲ ಬರುವಂತೆ ಫೀಡ್‌ಬ್ಯಾಕ್ ತಗ್ಗಿಸಿ, ಮರುದನಿಯ 3 ಕಿಲೋಹರ್ಟ್ಜ್ ಮೇಲಿನದನ್ನು ಕತ್ತರಿಸಿ. ಎಲ್ಲ ಸಾಲಿಗೂ ಬೇಡ, ಸಾಲಿನ ಕೊನೆಯ ಪದಕ್ಕೆ ಮಾತ್ರ ಫೇಡರ್ ಎತ್ತಿ.

ಯಾವ ದಾರಿ ಹಿಡಿಯಬೇಕು

ಮತ್ತೆ ಆ ಶೀಟ್ ರೂಮಿಗೆ ಹೋಗಿ ನಾಲ್ವರೂ ಒಟ್ಟಿಗೆ ನುಡಿಸಿ ಎರಡು ದಿನದಲ್ಲಿ ಮುಗಿಸುವುದು ಒಂದು ದಾರಿ. ಉಸಿರು ಉಳಿಯುತ್ತದೆ. ಆದರೆ ಶೀಟ್ ಛಾವಣಿಯ ಚುರುಕಾದ ಮರುದನಿ 160ರ ವೇಗಕ್ಕೆ ಒಪ್ಪಿತ್ತು. 126ರಲ್ಲಿ, ಕ್ಲೀನ್ ಗಿಟಾರ್ ಜೊತೆ, ಅದು ಡಬ್ಬ ಬಡಿದಂತೆ ಕೇಳುತ್ತದೆ. ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಎಲ್ಲ ಮೈಕ್‌ಗಳಿಗೂ ಸೋರುವುದರಿಂದ ಸ್ನೇರ್‌ಗೆ ಮಾತ್ರ ಡಿಲೇ ಹಾಕಬೇಕೆಂದರೆ ಆಗುವುದಿಲ್ಲ. ಮಳೆ ಬಂದರೆ ಕೆಲಸವೇ ನಿಲ್ಲುತ್ತದೆ.

ಈಗಿನಂತೆ ಎಲ್ಲವನ್ನೂ ಪದರ ಪದರವಾಗಿ ಮನೆಯಲ್ಲೇ ಮಾಡುವುದು ಎರಡನೆಯದು. ಖರ್ಚು ಕಡಿಮೆ, ಹಿಡಿತ ಹೆಚ್ಚು. ಒಬ್ಬರ ಏಟಿಗೆ ಇನ್ನೊಬ್ಬರು ಉತ್ತರಿಸುವುದು ಇಲ್ಲಿ ಸಾಧ್ಯವಿಲ್ಲ, ಮುಗಿಸುವ ದಿನವೂ ಬರುವುದಿಲ್ಲ.

ನಾನು ನಿಮಗೆ ಹೇಳುವುದು ಮೂರನೆಯದು. ಬೇಸ್ ಮತ್ತು ಡ್ರಮ್ಸ್ ಒಂದೇ ರೂಮಿನಲ್ಲಿ ಒಟ್ಟಿಗೆ, ಹಾಡು ಮತ್ತು ಗಿಟಾರ್ ಗೈಡ್ ಆಗಿ (ಜಾಡು ತೋರಿಸಲು ಮಾತ್ರ) ಹೆಡ್‌ಫೋನ್‌ನಲ್ಲಿ. ಆ ಟೇಕ್ ಗಟ್ಟಿಯಾದ ಮೇಲೆ ಗಿಟಾರ್, ಸಿಂಥ್, ಧ್ವನಿ ಬೇರೆ ಬೇರೆ. ದಿನಕ್ಕೆ ಮೂರು ಹಾಡಿಗಿಂತ ಹೆಚ್ಚು ಬೇಡ, ಒಂದು ಹಾಡಿಗೆ ಐದು ಟೇಕ್ ದಾಟಿದರೆ ಅವತ್ತಿಗೆ ಅದನ್ನು ಬಿಟ್ಟುಬಿಡಿ. ಡ್ರಮ್ಸ್‌ಗೆ ನಾಲ್ಕು ಮೈಕ್ ಸಾಕು: ಕಿಕ್, ಸ್ನೇರ್, ಮೇಲೆ ಎರಡು. ಮೇಲಿನ ಎರಡೂ ಸ್ನೇರ್‌ನ ನಡುವಿನಿಂದ ಸಮ ದೂರದಲ್ಲಿರಬೇಕು, ದಾರ ಹಿಡಿದು ಅಳೆಯಿರಿ, ಸುಮಾರು ಒಂದು ಮೀಟರ್. ದೂರ ಹೆಚ್ಚುಕಡಿಮೆಯಾದರೆ ಸ್ನೇರ್ ತೆಳುವಾಗಿ ಒಂದು ಪಕ್ಕಕ್ಕೆ ಜಾರುತ್ತದೆ.

ಸ್ನೇರ್‌ಗೆ ಹ್ಯಾನೆಟ್ ರೀತಿಯ ಡಿಲೇ ಹಾಕುವ ಆಸೆ ನಿಮಗೂ ಬರಬಹುದು. ಅದಕ್ಕೆ ಮೊದಲು ಸಿಂಬಲ್ ಇಲ್ಲದೆ ನುಡಿಸಬೇಕು. ಸಿಂಬಲ್ ತೆಗೆದು ಬರಿಗಾಳಿಗೆ ಹೊಡೆಯಲು ಹೇಳಿದರೆ ಡ್ರಮ್ಮರ್‌ನ ಮೈಲಯ ತಪ್ಪುತ್ತದೆ. ಸಿಂಬಲ್ ಜಾಗದಲ್ಲೇ ಸ್ಟ್ಯಾಂಡ್‌ಗೆ ದಪ್ಪ ಟವೆಲ್ ಮಡಿಸಿ ಕಟ್ಟಿ, ಕೈ ಅಲ್ಲಿಗೇ ಹೋಗಲಿ, ಸದ್ದು ಬಾರದಿರಲಿ. ಆಮೇಲೆ ಸಿಂಬಲ್ ಮಾತ್ರ ಇನ್ನೊಂದು ಟೇಕ್. ಇದಕ್ಕೆ ಹದಿನೈದು ದಿನದ ಅಭ್ಯಾಸ ಬೇಕು, ಸ್ಟುಡಿಯೋದಲ್ಲಿ ನಿಂತು ಕಲಿಯುವುದಲ್ಲ. ಹತ್ತು ಹಾಡಿಗೂ ಬೇಡ, ಎರಡೋ ಮೂರೋ ಹಾಡಿಗೆ ಆರಿಸಿಕೊಳ್ಳಿ. 140ರ ಹಾಡಿಗೆ ಕಾಲು ಬೀಟ್ 107 ಮಿಲಿಸೆಕೆಂಡ್, ಅಲ್ಲಿಂದ ಶುರು ಮಾಡಿ.

ಜಾಗ ಎಲ್ಲಿ ಎನ್ನುತ್ತೀರಿ. ಆಷಾಢದಲ್ಲಿ ಮದುವೆ ಇಲ್ಲದೆ ಕಲ್ಯಾಣ ಮಂಟಪಗಳು ಖಾಲಿ ಇರುತ್ತವೆ. ಚಿಕ್ಕ ಮಂಟಪವೊಂದರ ಊಟದ ಹಾಲ್ ಒಂದು ದಿನಕ್ಕೆ ಕೇಳಿ ನೋಡಿ. ಹೋಗಿ ನಡುವೆ ನಿಂತು ಚಪ್ಪಾಳೆ ತಟ್ಟಿ. ಬಾಲ ಎರಡು ಸೆಕೆಂಡ್ ಉಳಿದರೆ 126ರಲ್ಲಿ ಅದು ನಾಲ್ಕು ಬೀಟ್‌ಗಿಂತ ಹೆಚ್ಚು, ನಿಧಾನದ ಹಾಡಿನ ಟಾಮ್‌ಗಳಿಗೆ ಅದ್ಭುತ, ವೇಗದ ಹಾಡಿಗೆ ಕೆಸರು. ಬಾಡಿಗೆಯ ಶಾಮಿಯಾನ ಬಟ್ಟೆ ಅಥವಾ ಜಮಖಾನ ಡ್ರಮ್ಸ್‌ನ ಎರಡು ಪಕ್ಕ ಇಳಿಬಿಟ್ಟರೆ ಅರ್ಧ ಹಿಡಿತಕ್ಕೆ ಬರುತ್ತದೆ. ಅದೇ ದಿನ ಇನ್ನೊಂದು ಕೆಲಸ ಮುಗಿಸಿಕೊಳ್ಳಿ: ಮನೆಯಲ್ಲಿ ಹಿಡಿದ ಗಿಟಾರ್ ಮತ್ತು ಸಿಂಥ್ ಟ್ರ್ಯಾಕ್‌ಗಳನ್ನು ಆ ಹಾಲಿನಲ್ಲಿ ಆಂಪ್ ಮೂಲಕ ಮತ್ತೆ ನುಡಿಸಿ, ಏಳೆಂಟು ಅಡಿ ದೂರದ ಒಂದೇ ಮೈಕ್‌ನಲ್ಲಿ ಹಿಡಿಯಿರಿ. ಮಿಕ್ಸ್‌ನಲ್ಲಿ ಇದನ್ನು ಅಸಲಿ ಟ್ರ್ಯಾಕ್‌ಗಿಂತ 12ರಿಂದ 15 ಡಿಬಿ ಕೆಳಗೆ ಸೇರಿಸಿದರೂ ಸಾಕು, ಎಲ್ಲರೂ ಒಂದೇ ಗಾಳಿಯಲ್ಲಿ ನಿಂತಂತಾಗುತ್ತದೆ. ನಿಮ್ಮ ಡೆಮೊದಲ್ಲಿ ನನಗೆ ಅತಿ ಹೆಚ್ಚು ಕೊರತೆ ಕಂಡದ್ದು ಇದರದೇ.

ಕರೆಂಟ್ ಬಗ್ಗೆ ಎಚ್ಚರ. ಎರಡನೇ ಫೈಲ್‌ನಲ್ಲಿ 50 ಮತ್ತು 100 ಹರ್ಟ್ಜ್ ಗುಂಯ್ ಇದೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸಿಂಥ್, ಆಂಪ್ ಎಲ್ಲಕ್ಕೂ ಒಂದೇ ಸಾಕೆಟ್‌ನಿಂದ ಒಂದೇ ಬೋರ್ಡ್ ಎಳೆಯಿರಿ. ಫ್ಯಾನ್ ರೆಗ್ಯುಲೇಟರ್, ಲೈಟ್ ಡಿಮ್ಮರ್ ಆಫ್ ಇರಲಿ, ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್ ಅವುಗಳ ಕೊರಕೊರವನ್ನು ಎತ್ತಿಕೊಳ್ಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುತ್ತಿರುವಾಗ ಟೇಕ್ ಮಾಡಬೇಡಿ. ಗುಂಯ್ ನಿಲ್ಲುತ್ತದೆಂದು ಆಂಪ್ ಪ್ಲಗ್‌ನ ಅರ್ತ್ ಪಿನ್ ಮುರಿಯುವವರಿದ್ದಾರೆ. ಖಂಡಿತ ಬೇಡ. ಒಂದು ಕೈಯಲ್ಲಿ ಗಿಟಾರ್ ತಂತಿ, ತುಟಿಗೆ ಮೈಕ್ ಇರುವವರಿಗೆ ಅದು ಪ್ರಾಣಕ್ಕೆ ಬರುವ ಕೆಲಸ. ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ ಸಿಗ್ನಲ್ ದಾರಿಯಲ್ಲಿ ಇಡಿ. ಮಂಟಪದಲ್ಲಿ ಅರ್ತ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆದು ನೋಡಿಸಿದ ಮೇಲೆಯೇ ಪ್ಲಗ್ ಹಾಕಿ.

ಪ್ರೊಡ್ಯೂಸರ್ ಬೇಕೆ? ದುಡ್ಡು ಒಂದೇ ಕಡೆ ಹಾಕುವಷ್ಟು ಇದ್ದರೆ ಮಿಕ್ಸ್‌ಗಿಂತ ರೆಕಾರ್ಡಿಂಗ್‌ಗೆ ಮುಂಚಿನ ಎರಡು ದಿನದ ಪ್ರಾಕ್ಟೀಸ್‌ಗೆ ಹಾಕಿ. ಹೊರಗಿನ ಕಿವಿ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ 'ಈ ಚರಣದಲ್ಲಿ ಗಿಟಾರ್ ಬೇಡ' ಎಂದು ಗೆಳೆಯ ಗೆಳೆಯನಿಗೆ ಹೇಳುವುದು ಕಷ್ಟ. ಕೊನೆಯ ಮಾತು ಯಾರದು, ಎಷ್ಟು ಸಲ ತಿದ್ದುಪಡಿ ಕೇಳಬಹುದು, ಸೆಷನ್ ಫೈಲ್ ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಲ್ಲ ಹಾಡಿಗೂ ತಮ್ಮ ಮುದ್ರೆ ಒತ್ತುವವರು ಇರುತ್ತಾರೆ. ಮೊದಲು ಒಂದೇ ಹಾಡು ಕೊಟ್ಟು ನೋಡಿ.

ಯಾರೂ ಸಿಗದಿದ್ದರೆ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಡೆಮೊದ ಹತ್ತೂ ಹಾಡಿನಲ್ಲಿ ಸಿಂಥ್, ಗಿಟಾರ್ ಎರಡನ್ನೂ ಮ್ಯೂಟ್ ಮಾಡಿ, ಬೇಸ್, ಡ್ರಮ್ಸ್, ಧ್ವನಿ ಮಾತ್ರ ಕೇಳಿ. ಹಾಡು ನಿಂತರೆ ಅದು ಆಲ್ಬಮ್‌ಗೆ ಸಿದ್ಧ. ನಿಲ್ಲದಿದ್ದರೆ ಅದು ಪದರಗಳ ಆಸರೆಯಲ್ಲಿದೆ, ಮತ್ತೆ ಕಟ್ಟಬೇಕು. ನೀವು ಕಳಿಸಿದ ಎರಡರಲ್ಲಿ 140ರದ್ದು ನಿಲ್ಲುತ್ತದೆ, ಬಹಳ ಚೆನ್ನಾಗಿ ನಿಲ್ಲುತ್ತದೆ. 126ರದ್ದು ಪಲ್ಲವಿಯಲ್ಲಿ ಕುಸಿಯುತ್ತದೆ, ಅಲ್ಲಿ ಬೇಸ್ ಬರೀ ಮೂಲಸ್ವರ ಹೊಡೆಯುತ್ತಿದೆ. ಬೇಸಿಸ್ಟ್‌ಗೆ ಅವನ ರಾಗವನ್ನು ವಾಪಸ್ ಕೊಡಿ. ಸಿಂಥ್ ಮೇಲಿನ ಅವನ ಸಿಟ್ಟಿಗೆ ಅರ್ಧ ಕಾರಣ ಅದೇ ಇರಬಹುದು.

ವೇದಿಕೆಯಲ್ಲಿ ಸಿಂಥ್ ಯಾರು ನುಡಿಸುತ್ತಾರೆ ಎಂಬುದನ್ನು ರೆಕಾರ್ಡಿಂಗ್‌ಗೆ ಮುಂಚೆಯೇ ತೀರ್ಮಾನಿಸಿ. ಲ್ಯಾಪ್‌ಟಾಪ್‌ನಿಂದ ಬ್ಯಾಕಿಂಗ್ ಟ್ರ್ಯಾಕ್ ಓಡಿಸುತ್ತೇವೆ ಎಂದರೆ ಪ್ರತಿ ಶೋನಲ್ಲೂ ಕ್ಲಿಕ್‌ಗೆ ಕಟ್ಟುಬೀಳುತ್ತೀರಿ, ನಡುವೆ ಕರೆಂಟ್ ಹೋದರೆ ಹಾಡೇ ಹೋಗುತ್ತದೆ. ಎರಡು ಸ್ವರದ ಭಾಗವಾದರೆ ಹಾಡುವವರೇ ಒಂದು ಕೈಯಲ್ಲಿ ಹಿಡಿಯಬಹುದು.

ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ಸದ್ದು ಹದಮಾಡುವ ಕೊನೆಯ ಹಂತ) ಮೊದಲ ಆಲ್ಬಮ್‌ನಷ್ಟೇ ಜೋರು ಮಾಡಲು ಹೋಗಬೇಡಿ. ಸ್ಪಾಟಿಫೈ ಎಲ್ಲವನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ಅದಕ್ಕಿಂತ ಎಷ್ಟೇ ಜೋರು ಮಾಡಿದರೂ ಅಲ್ಲಿ ಇಳಿಸುತ್ತಾರೆ, ನೀವು ಕಷ್ಟಪಟ್ಟು ಬಿಟ್ಟ ಖಾಲಿ ಜಾಗ ಮಾತ್ರ ನಜ್ಜುಗುಜ್ಜಾಗಿ ಉಳಿಯುತ್ತದೆ. ಟ್ರೂ ಪೀಕ್ (ಸದ್ದು ಮುಟ್ಟುವ ಅತಿ ಎತ್ತರದ ತುದಿ) ಮೈನಸ್ 1 ಡಿಬಿ ದಾಟದಿರಲಿ. ಸೆಷನ್ 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಇಟ್ಟು, ಪ್ರತಿ ರಾತ್ರಿ ಎರಡು ಬೇರೆ ಡ್ರೈವ್‌ಗಳಿಗೆ ಕಾಪಿ ಮಾಡಿ, ಒಂದು ಮೈಸೂರಿನಲ್ಲಿರಲಿ, ಇನ್ನೊಂದು ಮಂಡ್ಯದಲ್ಲಿರಲಿ. 126ರ ಹಾಡಿನ ಪಲ್ಲವಿ ಮತ್ತೆ ಕಟ್ಟಿದ ಮೇಲೆ, ಸಿಂಥ್ ಹಾಕುವ ಮೊದಲೇ, ಬೇಸ್-ಡ್ರಮ್ಸ್ ಟೇಕ್ ಕಳಿಸಿಕೊಡಿ, ಕೇಳಿ ಬರೆಯುತ್ತೇನೆ.